ಒಂದು ಕಪಿಲೆಯ ಬಾವಿಗೆ ನೂರೈವತ್ತು ಕುದುರೆ

"ಎರಡು ಎತ್ತು ಕೊಟ್ಟು ಐವತ್ತು ಕುದುರೆ ತಂದವ ಈ ಕಣಿವೇಲಿ ಇನ್ನೊಬ್ಬ ಇದ್ರೆ ಕರ್ಕೊಂಡ್ ಬಾ! ಅವನ ಕಾಲು ತೊಳ್ದು ಆ ನೀರು ಕುಡಿತೀನಿ!"

1968ರ ಏಪ್ರಿಲ್‌ನ ಒಂದು ಬೆಳಗ್ಗೆ ಚಿನ್ನಮನೂರಿನ ಲೇತ್ ಕಾರ್ಖಾನೆಯ ಮಾಲೀಕ ಅಳಗರ್ ತನ್ನ ಮನೆಯಂಗಳದಲ್ಲಿ ನಿಂತು ಹೀಗೆ ಘೋಷಿಸಿದಾಗ ಅದನ್ನು ಕೇಳಲು ಅಲ್ಲಿ ಇದ್ದವರು ಹೆಂಡತಿ ವೆಳ್ಳೈಯಮ್ಮಾಳ್ ಮತ್ತು ಒಂದು ಕೋಳಿ. ಕೋಳಿ ಮಾತ್ರ ತಲೆಯೆತ್ತಿ ನೋಡಿತು. ವೆಳ್ಳೈಯಮ್ಮಾಳ್ ನೋಡಿದ್ದು ಕೊಟ್ಟಿಗೆಯ ಕಡೆಗೆ.

"ಎತ್ತೆಲ್ಲಿ ಮಾಮ?" ಎಂದಳು. ಮದುವೆಗೆ ಮುಂಚಿನಿಂದಲೂ ಅಳಗರ್ ಅವಳಿಗೆ ಸೋದರಮಾವನ ಮಗ. ಅಂದಿನಿಂದ ಇಂದಿನವರೆಗೂ ಕರೆಯುವುದು ಮಾಮ ಎಂದೇ.

"ಬತ್ತಲಗುಂಡಲ್ಲಿ ಅವೆ. ಮರದ ಡಿಪೋ ಕಂದಸಾಮಿಗೆ ಕೊಟ್ಟೆ."

"ನನ್ನ ಎತ್ತ?"

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ವೆಳ್ಳೈಯಮ್ಮಾಳ್ ಮದುವೆಯಾಗಿ ಬಂದಾಗ ತವರಿನಿಂದ ಒಂದು ಹಸು ಸೀರಾಗಿ, ಅಂದರೆ ಬಳುವಳಿಯಾಗಿ, ಬಂದಿತ್ತು. ಆ ಹಸುವಿನ ಮಕ್ಕಳೇ ಈ ಜೋಡಿ. ಬೂದು ಬಣ್ಣದ್ದು ಮಯಿಲೆ, ಕೆಂಪನೆಯದು ಸೆವಲೆ. ಮನೆಯ ಹಿಂದಿನ ಮುಕ್ಕಾಲು ಎಕರೆ ವೀಳ್ಯದೆಲೆ ತೋಟವೂ ಅವಳದೇ ಆರೈಕೆ. ಅಗಸೆ ಗಿಡಗಳಿಗೆ ಹಬ್ಬಿದ ಬಳ್ಳಿಗಳು. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಎಲೆ ಮುದುರುತ್ತದೆ, ಎರಡು ದಿನ ತಪ್ಪಿದರೆ ಬಳ್ಳಿಯೇ ಹೋಗುತ್ತದೆ. ಆ ನೀರನ್ನು ಬಾವಿಯಿಂದ ಮೇಲೆತ್ತುತ್ತಿದ್ದದ್ದು ಮಯಿಲೆ ಮತ್ತು ಸೆವಲೆ. ದಿನವೂ ಕಪಿಲೆಯ ಇಳಿಜಾರಿನಲ್ಲಿ ಕೆಳಗೆ ನಡೆದು ಚರ್ಮದ ಚೀಲವನ್ನು ಮೇಲಕ್ಕೆಳೆಯುವುದು, ಮತ್ತೆ ಹಿಂದೆ ಹಿಂದೆ ದಿಬ್ಬ ಹತ್ತುವುದು.

"ಎತ್ತು ಯಾಕೆ ಬೇಕು?" ಎಂದ ಅಳಗರ್, ಅಂಗಳದಲ್ಲಿ ಗೋಣಿ ಮುಚ್ಚಿ ಇಟ್ಟಿದ್ದ ವಸ್ತುವನ್ನು ಅನಾವರಣಗೊಳಿಸುತ್ತಾ. "ಇದು ನೋಡು!"

ವೆಳ್ಳೈಯಮ್ಮಾಳ್ ನೋಡಿದಳು. ದೊಡ್ಡ ಹಲಸಿನಹಣ್ಣಿನಷ್ಟು ಗಾತ್ರದ ಕಬ್ಬಿಣದ ಗಂಟು.

"ಇದ್ರಲ್ಲಿ ಐವತ್ತು ಕುದುರೆ ಎಲ್ಲಿ ಕೂತವೆ?"

"ಮಡ್ಚಿ ಇಟ್ಟವ್ರೆ," ಎಂದ ಅಳಗರ್.

ಅದು ಸುಮ್ಮನೆ ಆಡಿದ ಬಡಾಯಿಯಲ್ಲ. ಕೊಡೈಕಾನಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಬಿಳಿಯ ಮೇಷ್ಟ್ರು ತಮ್ಮ ಊರಿಂದ ಹಡಗಿನಲ್ಲಿ ಒಂದು ಕೆಂಪು ಕಾರು ತರಿಸಿದ್ದರು. ಇಬ್ಬರೇ ಕೂರುವ ಕಾರು, ಎಂಜಿನ್ ಹಿಂದುಗಡೆ. ಘಾಟಿಯ ಒಂದು ತಿರುವಿನಲ್ಲಿ ಅದು ರಸ್ತೆಯಂಚಿನ ಕಲ್ಲಿಗೆ ಮುತ್ತಿಟ್ಟಿತು. ಮೂತಿ ಜಜ್ಜಿಹೋಯಿತು, ಎಂಜಿನ್ನಿಗೆ ಒಂದು ಗೀರೂ ಬೀಳಲಿಲ್ಲ. ಮೇಷ್ಟ್ರು ಕೈಕಾಲು ಮುಟ್ಟಿ ನೋಡಿಕೊಂಡು ಮುಂದಿನ ಹಡಗಿಗೆ ತಮ್ಮ ದೇಶಕ್ಕೆ ಹೋದರು. ಕಾರು ಮರದ ದಿಮ್ಮಿಗಳ ಜೊತೆ ಲಾರಿಯಲ್ಲಿ ಇಳಿದು ಬತ್ತಲಗುಂಡಿನ ಕಂದಸಾಮಿಯ ಡಿಪೋ ಸೇರಿತು. ಅಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಡಿಪೋದ ಗರಗಸಕ್ಕೆ ಶಾಫ್ಟ್ ಕೂರಿಸಲು ಹೋಗಿದ್ದ ಅಳಗರ್ ಕೋಳಿಗಳನ್ನು ಓಡಿಸಿ ಎಂಜಿನ್ ಬಿಚ್ಚಿದ. ಬಿಚ್ಚಿದವನು ನೆಲದ ಮೇಲೆ ಕೂತುಬಿಟ್ಟ. ಇಪ್ಪತ್ತು ವರ್ಷದಿಂದ ಎಂಜಿನ್ನುಗಳ ಹೊಟ್ಟೆ ಕೊಯ್ದ ಮನುಷ್ಯ ಆತ. ಪಿಸ್ಟನ್ ಇಲ್ಲದ ಎಂಜಿನ್ ಅವನು ಕನಸಿನಲ್ಲೂ ಕಂಡಿರಲಿಲ್ಲ. ಮೇಲೆ ಕೆಳಗೆ ಜಿಗಿಯುವ ಒಂದು ಭಾಗವೂ ಇಲ್ಲ. ವಾಲ್ವುಗಳಿಲ್ಲ. ನಡು ಸ್ವಲ್ಪ ಹಿಂಡಿದ ಮೊಟ್ಟೆಯಾಕಾರದ ಗೂಡು, ಅದರೊಳಗೆ ಬದಿಗಳು ಉಬ್ಬಿದ ಒಂದೇ ಒಂದು ಮುಕ್ಕೋನ. ಅದು ತೂಗಾಡಿಕೊಂಡು ಸುತ್ತುತ್ತಲೇ ಇರುವುದು, ಸುತ್ತುತ್ತಲೇ ಗಾಳಿ ಎಳೆದು, ಹಿಸುಕಿ, ಸುಟ್ಟು, ಉಗುಳುವುದು. ಕೈಯಿಂದ ತಿರುಗಿಸಿದರೆ ಎಣ್ಣೆ ಹಚ್ಚಿದಂತೆ ತಿರುಗಿತು. "ಇದನ್ನು ಮಾಡಿದವನಿಗೆ ಕೈ ಎತ್ತಿ ಮುಗೀಬೇಕು," ಎಂದು ಅಳಗರ್ ಕೋಳಿಗಳಿಗೆ ಹೇಳಿದ. ಆ ಕ್ಷಣದ ಅವನ ಭಕ್ತಿ ಅಪ್ಪಟವಾದದ್ದು.

ಕಾರಿನ ಜೊತೆ ಒಂದು ಸಣ್ಣ ಪುಸ್ತಕವಿತ್ತು. ಐವತ್ತು ಕುದುರೆ ಬಲ ಎಂದು ಅದರಲ್ಲಿ ಅಚ್ಚಾಗಿತ್ತು. ಅದೇ ಸಾಲಿನಲ್ಲಿ, ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವಾಗ, ಎಂದೂ ಇತ್ತು. ಅಳಗರ್ ಸಾಲಿನ ಮೊದಲರ್ಧ ಓದಿ ಪುಸ್ತಕ ಮುಚ್ಚಿದ. ದಿಮ್ಮಿ ಎಳೆಸಲು ಒಂದು ಒಳ್ಳೆಯ ಜೋಡಿಗಾಗಿ ಕಂದಸಾಮಿ ಊರೂರು ಅಲೆಯುತ್ತಿದ್ದ. ಮಾತು ಮುಗಿಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಎರಡು ದಿನ," ಎಂದು ಅಳಗರ್ ಹೆಂಡತಿಗೆ ಮಾತು ಕೊಟ್ಟ. "ಎರಡೇ ದಿನದಲ್ಲಿ ಪಂಪಿಗೆ ಕಟ್ತೀನಿ. ಆಮೇಲೆ ನೀನು ಸುಮ್ಮಾ ಕೂತ್ಕೊಂಡು ಎಲೆ ಹಾಕ್ಕೋ."

"ಬಳ್ಳಿಗೆ ಒಂದು ದಿನ ನೀರು ತಪ್ಪಿದ್ರೂ ಎಂಜಿನ್ ಬಾವಿಗೆ ಹೋಗ್ತದೆ," ಎಂದಳು ವೆಳ್ಳೈಯಮ್ಮಾಳ್. "ನೀನು ಅದ್ರ ಹಿಂದೆ ಹೋಗ್ತೀಯ."

ಆ ಎರಡು ದಿನಕ್ಕೆ ಅವಳ ಅಣ್ಣ ಕಾಳಿಮುತ್ತು ತನ್ನ ಜೋಡಿ ಕೊಟ್ಟ. ಬೆಳಗ್ಗೆ ತಂಗಿಯ ತೋಟ, ಸಂಜೆ ತನ್ನ ತೋಟ.

ಮೂರನೆಯ ದಿನ ಮೊದಲ ಪರೀಕ್ಷೆ. ಬಾವಿಯ ಬದಿಗೆ ಹಲಗೆ ಹಾಸಿ, ಎಂಜಿನ್ನನ್ನು ಬೋಲ್ಟು ಹಾಕಿ ಕೂರಿಸಿ, ಕಾರ್ಖಾನೆಯಲ್ಲಿದ್ದ ನಾಲ್ಕಿಂಚಿನ ಪಂಪಿಗೆ ಬೆಲ್ಟ್ ಕಟ್ಟಿದ್ದಾಯಿತು. ಬೆಲ್ಟ್ ಇಲ್ಲದಾಗ ಎಂಜಿನ್ ಜೇನುಹುಳದಂತೆ ಗುಂಯ್‌ಗುಟ್ಟಿತು. ಬೆಲ್ಟ್ ಹಾಕಿದ ಕೂಡಲೇ "ಕಕ್" ಎಂದು ನಿಂತಿತು. ಮತ್ತೆ ಶುರು ಮಾಡಿದ. ಮತ್ತೆ "ಕಕ್".

ವೆಳ್ಳೈಯಮ್ಮಾಳ್ ಎಲೆ ಕೊಯ್ಯುತ್ತಲೇ ಇದನ್ನೆಲ್ಲ ಗಮನಿಸುತ್ತಿದ್ದಳು. "ಮಾಮ, ಎತ್ತಿಗೆ ನಿಂತಲ್ಲೇ ಬಲ. ಇದಕ್ಕೆ ಓಡಿದ್ರೆ ಬಲ. ನೀನು ಅದನ್ನ ಓಡೋಕೇ ಬಿಡ್ಲಿಲ್ಲ."

ಆರು ಸಾವಿರ ಸುತ್ತಿನ ಆ ಅರ್ಧ ಸಾಲನ್ನು ಓದು ಬಾರದ ಹೆಂಗಸು ಬಳ್ಳಿಯ ಮರೆಯಿಂದ ಓದಿ ಹೇಳಿದ್ದಳು. ಅಳಗರ್ ಅದನ್ನು ಎಂಜಿನ್ನಿನ ನಿಂದೆ ಎಂದೇ ತಿಳಿದ.

"ಇದಕ್ಕೆ ಉಸ್ರು ಸಾಲ್ದು. ಅಷ್ಟೇ. ಮೂಗಿನ ಹೊಳ್ಳೆ ಸಣ್ಣದು," ಎಂದು ತೀರ್ಪು ಕೊಟ್ಟ. "ದೊಡ್ಡದು ಮಾಡ್ತೀನಿ. ಐವತ್ತು ನೂರಾಗ್ತದೆ!"

ಮುಂದಿನ ಏಳು ದಿನ ಲೇತ್ ಕಾರ್ಖಾನೆಯ ಬಾಗಿಲು ಗಿರಾಕಿಗಳಿಗೆ ಮುಚ್ಚಿತ್ತು. ಒಳಗೆ ಅಳಗರ್ ಗಾಳಿ ಒಳಬರುವ ದ್ವಾರವನ್ನೂ ಹೊಗೆ ಹೊರಹೋಗುವ ದ್ವಾರವನ್ನೂ ಅರದಿಂದ ಉಜ್ಜಿ ಹಿಗ್ಗಿಸುತ್ತಿದ್ದ. ಆ ಕೆಲಸವನ್ನು ಕಂಡವರು ಇವತ್ತಿಗೂ ಹೊಗಳುತ್ತಾರೆ. ಅಳತೆಗೆ ಅವನ ಬಳಿ ಇದ್ದದ್ದು ತಗಡಿನಿಂದ ಕತ್ತರಿಸಿಕೊಂಡ ಒಂದು ಅಚ್ಚು ಮತ್ತು ಹೆಬ್ಬೆರಳಿನ ತುದಿ. ಮುಕ್ಕೋನದ ಮೂಲೆ ಒರೆಸಿಕೊಂಡು ಹೋಗುವ ಗೋಡೆಗೆ ಕೂದಲೆಳೆಯಷ್ಟು ಗೀರು ಬಿದ್ದರೂ ಎಂಜಿನ್ ಸತ್ತಂತೆ. ಗೀರು ಬೀಳಲಿಲ್ಲ. ಹಿಗ್ಗಿಸಿದ ಅಂಚುಗಳನ್ನು ಕೊನೆಗೆ ಅವನು ಹಳೆಯ ಪಂಚೆಯ ತುಂಡಿನಿಂದ ಹೊಳಪು ಬರುವವರೆಗೆ ತಿಕ್ಕಿದ.

ಎಂಜಿನ್ನಿನ ಬಲ ಅಳೆಯುವ ಯಂತ್ರ ಚಿನ್ನಮನೂರಿನಿಂದ ದಿಂಡಿಗಲ್‌ವರೆಗೆ ಅವನಿಗೆ ಗೊತ್ತಿದ್ದ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ಬಲವನ್ನು ಟೀ ಅಂಗಡಿಯಲ್ಲಿ ಅಳೆಯಲಾಯಿತು. ಸೋಮವಾರ ಅದು ನೂರು ಕುದುರೆ. ಬುಧವಾರ ಅಳಗರ್ ಒಂದು ಹೊಸ ಸಿದ್ಧಾಂತದೊಂದಿಗೆ ಬಂದ: ಮುಕ್ಕೋನಕ್ಕೆ ಮೂರು ಬದಿ, ಒಂದೊಂದು ಬದಿಯಲ್ಲೂ ಬೆಂಕಿ ಹತ್ತುತ್ತದೆ, ಅಂದಮೇಲೆ ಇದು ಒಂದು ಎಂಜಿನ್ ಅಲ್ಲ, ಮೂರು ಎಂಜಿನ್. ಐವತ್ತರ ಮೂರರಷ್ಟು ನೂರೈವತ್ತು! ಕಣಿವೆಯ ಲೆಕ್ಕ ಜೋಡಿಯಲ್ಲಿ ನಡೆಯುವುದರಿಂದ ಅಂಗಡಿಯವರು ಅದನ್ನು ಎಪ್ಪತ್ತೈದು ಜೋಡಿ ಎತ್ತು ಎಂದು ಬರೆದುಕೊಂಡರು. ಕುದುರೆ ಮತ್ತು ಎತ್ತು ಒಂದೇ ಬಲದವೇ ಎಂದು ಯಾರೋ ಕೇಳಿದರು. ಅವನನ್ನು ಸುಮ್ಮನಾಗಿಸಲಾಯಿತು.

ಸಂಜೆ ಅಳಗರ್ ಇದನ್ನು ಮನೆಯಲ್ಲೂ ಹೇಳಿದ. "ಮೂರು ಬದಿ, ಮೂರು ಬೆಂಕಿ. ಅಂದ್ರೆ ಮೂರು ಎಂಜಿನ್. ತಿಳಿತಾ?"

ವೆಳ್ಳೈಯಮ್ಮಾಳ್ ಒಲೆಯ ಮುಂದಿದ್ದಳು. "ನನ್ನ ಒಲೆಗೂ ಮೂರು ಕಲ್ಲು ಅವೆ ಮಾಮ. ಮೂರು ಒಲೆ ಅಂತ ಹೇಳ್ಲಾ? ನಾಳೆಯಿಂದ ಮೂರು ಸಾರು ಕೇಳ್ತೀಯ."

ಹತ್ತನೆಯ ದಿನ ಬೆಳಗ್ಗೆ ಕಾಳಿಮುತ್ತು ಬರಿಗೈಲಿ ಬಂದ. ಎರಡು ತೋಟದ ದುಡಿತಕ್ಕೆ ಅವನ ಎತ್ತೊಂದರ ಹೆಗಲು ಹುಣ್ಣಾಗಿತ್ತು.

"ಮಾಪ್ಳೆ, ಇನ್ನು ಹದಿನೈದು ದಿನ ಅದ್ರ ಮೇಲೆ ನೊಗ ಇಡೋಂಗಿಲ್ಲ," ಎಂದ ತಂಗಿಯ ಗಂಡನಿಗೆ. "ನಿನ್ನ ಎಪ್ಪತ್ತೈದು ಜೋಡಿಯನ್ನ ಹೊರಗೆ ಬಿಡು. ಇವತ್ತೇ."

"ಇವತ್ತೇ ಮಚ್ಚಾನ್! ಸಂಜೆ ನಾಲ್ಕಕ್ಕೆ!"

ನಾಲ್ಕಕ್ಕೆ ಬಾವಿಯ ಸುತ್ತ ನಿಲ್ಲಲು ಜಾಗವಿರಲಿಲ್ಲ. ತಾನು ಕೋಳಿಗೂಡೆಂದು ಕೊಟ್ಟದ್ದು ಏನೆಂದು ನೋಡಿಯೇ ಬಿಡೋಣವೆಂದು ಕಂದಸಾಮಿಯೂ ಬಸ್ಸು ಹತ್ತಿ ಬಂದಿದ್ದ. ಜಜ್ಜಿಹೋದ ರೇಡಿಯೇಟರಿಗೆ ಬದಲಾಗಿ ಅಳಗರ್ ಒಂದು ಜಾಣತನ ಮಾಡಿದ್ದ: ಪಂಪು ಎತ್ತುವ ನೀರಿನಲ್ಲೇ ಒಂದು ಪಾಲು ರಬ್ಬರ್ ಕೊಳವೆಯಲ್ಲಿ ಎಂಜಿನ್ನಿನ ಮೈಸುತ್ತ ಹರಿದು ಅದನ್ನು ತಣ್ಣಗಿಡುತ್ತದೆ. ಬೆಲ್ಟಿನ ಚಕ್ರಗಳನ್ನೂ ಬದಲಿಸಿದ್ದ, ಎಂಜಿನ್ ಸರಾಗ ವೇಗವಾಗಿ ಸುತ್ತಲೆಂದು ಈ ಸಲ ಅದರ ಕಡೆಗೆ ಚಿಕ್ಕದು. ಓಡೋಕೆ ಬಿಟ್ಟಿದ್ದೇನೆ ಎಂದು ಮಾತ್ರ ಹೆಂಡತಿಗೆ ಹೇಳಲಿಲ್ಲ.

ಹಗ್ಗ ಸುತ್ತಿ ಎಳೆದ. ಏನೂ ಇಲ್ಲ. ಮತ್ತೆ ಎಳೆದ. ಹೊಳ್ಳೆ ಹಿಗ್ಗಿದ ಎಂಜಿನ್ನಿಗೆ ಈಗ ಮೆಲ್ಲಗೆ ಉಸಿರಾಡುವುದು ಮರೆತುಹೋಗಿತ್ತು. ಅದಕ್ಕೆ ಗೊತ್ತಿದ್ದದ್ದು ಎರಡೇ ಸ್ಥಿತಿ, ಮೌನ ಮತ್ತು ಕಿರುಚಾಟ. ಐದನೆಯ ಸಲ ಎಳೆದಾಗ ಕಿರುಚಿತು.

ಅಂಥ ಸದ್ದು ಆ ಊರು ಕೇಳಿರಲಿಲ್ಲ. ತೆಂಗಿನ ಮರದಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಮುದುಕರು ಟವೆಲ್ಲಿನಿಂದ ಕಿವಿ ಮುಚ್ಚಿಕೊಂಡರು. ಸದ್ದು ಏರಿತು, ಏರಿತು, ಇನ್ನು ಏರಲಾರದು ಎಂದುಕೊಂಡಾಗ ಇನ್ನೂ ಏರಿತು. ಹಲಗೆಯ ಮೇಲಿಟ್ಟ ಲೋಟದ ನೀರು ಮಾತ್ರ ಅಲುಗಲಿಲ್ಲ. ನಡುಕವೇ ಇಲ್ಲ! ಆಗ ಪಂಪಿನ ಬಾಯಿಂದ ನೀರು ಬಂತು. ಬಂತು ಎನ್ನುವುದು ಸರಿಯಾದ ಮಾತಲ್ಲ. ಒಂದು ಬಿಳಿಯ ಕಂಬ ಅಡ್ಡಲಾಗಿ ನಿಂತಿತು. ಜನ ಹೋ ಎಂದರು. ಕಂದಸಾಮಿ ಬಾಯಿ ತೆರೆದವನು ಮುಚ್ಚಲಿಲ್ಲ.

"ಪಾರ್ ಮಚ್ಚಾನ್, ನೋಡು!" ಎಂದು ಅಳಗರ್ ಕುಣಿದ. ಯಾರಿಗೂ ಕೇಳಿಸಲಿಲ್ಲ.

ಎತ್ತಿನ ನಡಿಗೆಗೆ ಒಗ್ಗಿದ್ದ ಮಣ್ಣಿನ ಕಾಲುವೆ ಆ ಕಂಬವನ್ನು ಅರ್ಧ ನಿಮಿಷ ತಡೆದುಕೊಂಡಿತು. ಆಮೇಲೆ ಒಡೆಯಿತು. ನೀರು ವೀಳ್ಯದ ಬಳ್ಳಿಗಳ ಎರಡು ಸಾಲನ್ನು ಹಾದು, ಉಳಿದ ನಲವತ್ತು ಸಾಲುಗಳಿಗೆ ಬೆನ್ನು ತಿರುಗಿಸಿ, ದಾರಿ ದಾಟಿ, ಪಕ್ಕದ ಮನೆಯ ಗೋವಿಂದಮ್ಮಾಳ್ ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಹೊತ್ತುಕೊಂಡು ಊರಿನ ಕಡೆ ನಡೆಯಿತು. ಕೆಂಪು ತೇರಿನಂತೆ ಹೊರಟ ಆ ಮೆಣಸಿನಕಾಯಿಯ ಹಿಂದೆ ಗೋವಿಂದಮ್ಮಾಳ್ ಮೊರ ಹಿಡಿದು ಓಡಿದಳು.

"ನಿಲ್ಸು!" ಎಂದು ವೆಳ್ಳೈಯಮ್ಮಾಳ್ ಕೈಬೀಸಿದಳು.

"ಹಾ! ಇನ್ನೂ ಜೋರಾ?" ಎಂದು ಅಳಗರ್ ಜೋರು ಮಾಡಿದ.

ಹನ್ನೊಂದನೆಯ ನಿಮಿಷಕ್ಕೆ ಬಿಳಿಯ ಕಂಬ ಕಂದು ಬಣ್ಣಕ್ಕೆ ತಿರುಗಿತು. ಹನ್ನೆರಡಕ್ಕೆ ಕೆಮ್ಮಿತು. ಬಂದದ್ದು ಕೆಸರು, ಕೆಸರಿನ ಹಿಂದೆ ಗಾಳಿ. ಗಾಳಿ ಬಂದರೆ ಎಂಜಿನ್ನಿನ ಮೈಗೆ ನೀರಿಲ್ಲ. ನೀರಿಲ್ಲದೆ ಎಂಜಿನ್ ಸಿಳ್ಳೆ ಹಾಕಿತು, ರಬ್ಬರ್ ಕೊಳವೆ ಹಾವಿನಂತೆ ಒದ್ದಾಡಿ ಕಿತ್ತುಬಂತು, ಹಬೆಯ ಮೋಡದೊಳಗೆ ಅಳಗರ್ ಕಾಣೆಯಾದ. ಸದ್ದು ನಿಂತಿತು. ಮೋಡ ಕರಗಿದಾಗ ಅವನು ಎಂಜಿನ್ನಿಗೆ ತನ್ನ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದ.

"ನೀರು ತನ್ನಿ! ಒಂದು ಬಿಂದಿಗೆ ನೀರು!"

"ಎಲ್ಲಿಂದ?" ಎಂದ ಕಾಳಿಮುತ್ತು.

ಎಲ್ಲರೂ ಬಾವಿಗೆ ಬಗ್ಗಿ ನೋಡಿದರು. ಬೆಳಗ್ಗೆ ಆಳುದ್ದ ನೀರಿದ್ದ ಬಾವಿಯ ತಳದಲ್ಲಿ ನಾಲ್ಕು ಕಪ್ಪೆಗಳು ಇದೇನಾಯಿತೆಂದು ಮೇಲೆ ನೋಡುತ್ತಿದ್ದವು. ಅವುಗಳ ನಡುವೆ, ಹಿಡಿ ಮೇಲಾಗಿ, ಒಂದು ಕಬ್ಬಿಣದ ಯಂತ್ರ ಹೂತು ನಿಂತಿತ್ತು. ಅದು ಎರಡು ವರ್ಷದ ಹಿಂದೆ ಅಳಗರ್ ಕಂಡುಹಿಡಿದ, ತಾನಾಗಿಯೇ ತೆಂಗಿನಕಾಯಿ ತುರಿಯುವ ಯಂತ್ರ.

"ಅದನ್ನ ದಿಂಡಿಗಲ್ಲಲ್ಲಿ ಒಬ್ಬ ಸಾಹುಕಾರ ಕೈಮುಗಿದು ತಗೊಂಡು ಹೋದ ಅಂದ್ಯಲ್ಲ ಮಾಮ?" ಎಂದು ವೆಳ್ಳೈಯಮ್ಮಾಳ್ ಶಾಂತವಾಗಿ ಕೇಳಿದಳು.

"ಕೊಂಜ ಸುಮ್ನಿರು. ಜನ ಅವ್ರೆ," ಎಂದ ಅಳಗರ್.

"ಅದಿರ್ಲಿ. ಈ ಬಾವಿಗೆ ಊರಲ್ಲಿ ಏನಂತಾರೆ?"

ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಕಡೆ ಬಾವಿಗಳನ್ನು ಕರೆಯುವುದೇ ಹಾಗೆ: ಒಂದು ಕಪಿಲೆಯ ಬಾವಿ, ಎರಡು ಕಪಿಲೆಯ ಬಾವಿ. ಒಂದು ಜೋಡಿ ಎತ್ತು ನಿಧಾನಕ್ಕೆ ಎಳೆದಷ್ಟನ್ನು ತಳದ ಸೆಲೆ ನಿಧಾನಕ್ಕೆ ತುಂಬಿಕೊಡುತ್ತದೆ ಎಂದು ಅದರ ಅರ್ಥ. ಅಳಗರ್‌ನ ತಾತ ತೋಡಿಸಿದ್ದು ಒಂದು ಕಪಿಲೆಯ ಬಾವಿ. ಎಂಜಿನ್ನಿಗೆ ಎಷ್ಟು ಕುದುರೆಯ ಬಲವಿದೆ ಎಂದು ಊರೆಲ್ಲ ಹತ್ತು ದಿನ ಲೆಕ್ಕ ಹಾಕಿತ್ತು. ಬಾವಿಗೆ ಎಷ್ಟು ಎತ್ತಿನ ಬಲವಿದೆ ಎಂದು ಯಾರೂ ಕೇಳಿರಲಿಲ್ಲ.

"ನಿನ್ನ ಎಂಜಿನ್ ಸುಳ್ಳಲ್ಲ ಮಾಮ," ಎಂದಳು ಅವಳು. ಧ್ವನಿಯಲ್ಲಿ ಕೊಂಕಿರಲಿಲ್ಲ. "ಇಂಥದ್ದನ್ನ ನಾನು ಕಂಡಿಲ್ಲ. ಆದ್ರೆ ಸೆಲೆ ತುಂಬೋಕೆ ನಾಳೆ ಬೆಳಗ್ಗೆ ಆಗ್ತದೆ. ನಾಳೆ ನೀರು ಬೀಳ್ದಿದ್ರೆ ನಲವತ್ತು ಸಾಲೂ ಹೋಯ್ತು."

"ನಾಳೆ ಮೆಲ್ಲಗೆ ಓಡಿಸ್ತೀನಿ…"

"ಅದಕ್ಕೆ ಮೆಲ್ಲಗೆ ಗೊತ್ತಾ?"

ಅಳಗರ್ ತನ್ನ ಅರವನ್ನೂ, ಏಳು ದಿನವನ್ನೂ ನೆನೆದು ತಲೆ ತಗ್ಗಿಸಿದ.

ಅಷ್ಟರಲ್ಲಿ ಕಂದಸಾಮಿ ಬಾಯಿ ಮುಚ್ಚಿ ಹತ್ತಿರ ಬಂದಿದ್ದ. ಎಂಜಿನ್ನಿನ ಸುತ್ತ ಎರಡು ಸುತ್ತು ಹಾಕಿ, ಗಂಟಲು ಸರಿಮಾಡಿಕೊಂಡ. "ಅಳಗರಣ್ಣ, ನನ್ನ ಗರಗಸಕ್ಕೆ ಬೇಕಾಗಿರೋದು ಈ ಓಟವೇ. ಈಗಿರೋ ಆಯಿಲ್ ಎಂಜಿನ್ ದಿಮ್ಮಿ ಮಧ್ಯದಲ್ಲಿ ಬಂದು ಅಳ್ತದೆ. ಪಕ್ಕದಲ್ಲೇ ಕೆರೆ ಕಾಲುವೆ ಅದೆ, ತಣ್ಣಗಿಡೋಕೆ ನೀರಿಗೂ ಬರ ಇಲ್ಲ. ಇದನ್ನ ವಾಪಸ್ ಕೊಟ್ಬಿಡ್ತೀಯಾ?"

ಅಳಗರ್ "ಆಮಾ, ಹೌದು" ಎನ್ನಲು ಬಾಯಿ ತೆರೆದ. ವೆಳ್ಳೈಯಮ್ಮಾಳ್ ಅವನ ಕಾಲು ತುಳಿದಳು.

"ಅದೆಂಗೆ ಕೊಡೋದು ಅಣ್ಣ?" ಎಂದಳು ಸೆರಗು ಸರಿಮಾಡಿಕೊಳ್ಳುತ್ತಾ. "ಏಳು ದಿನ ಊಟ ಬಿಟ್ಟು ಉಜ್ಜವ್ರೆ. ಮೊದ್ಲು ಐವತ್ತಿತ್ತು, ಈಗ ನೂರೈವತ್ತು. ಊರೇ ನೋಡ್ತಲ್ಲ."

"ಎತ್ತು ವಾಪಸ್ ಕೊಡ್ತೀನಮ್ಮ."

"ಎತ್ತು ಐವತ್ತಕ್ಕಾಯ್ತು. ಮಿಕ್ಕ ನೂರಕ್ಕೆ?"

ತುಳಿಸಿಕೊಂಡ ಕಾಲನ್ನು ಮರೆತು ಅಳಗರ್ ಹೆಂಡತಿಯನ್ನೇ ನೋಡುತ್ತಿದ್ದ. ಹತ್ತು ದಿನದಿಂದ ಅವನ ಒಂದು ಕುದುರೆಯನ್ನೂ ನಂಬದಿದ್ದವಳು ನೂರೈವತ್ತನ್ನೂ ಸಾಲಾಗಿ ನಿಲ್ಲಿಸಿ ಮಾರುತ್ತಿದ್ದಳು! ಕಾಲು ಗಂಟೆಯಲ್ಲಿ ಮಾತು ಮುಗಿಯಿತು. ಮಯಿಲೆ, ಸೆವಲೆ, ಹೊಸ ನೊಗಕ್ಕೆ ಗಂಟಿಲ್ಲದ ತೇಗದ ತೊಲೆ, ಗೋವಿಂದಮ್ಮಾಳ್‌ಗೆ ಒಂದು ಮೂಟೆ ಮೆಣಸಿನಕಾಯಿ.

"ನಾಳಿದ್ದು ಬೆಳಗ್ಗೆ ಲಾರೀಲಿ ಇಳಿಸ್ತೀನಿ," ಎಂದ ಕಂದಸಾಮಿ.

"ನಾಳಿದ್ದು ಸೆರಿ," ಎಂದಳು ವೆಳ್ಳೈಯಮ್ಮಾಳ್. ಆಮೇಲೆ ಗಂಡನ ಕಡೆ ತಿರುಗಿದಳು. "ನಾಳೆ?"

ಮರುದಿನ ಬೆಳಗ್ಗೆ ಬಾವಿಯಲ್ಲಿ ಸೊಂಟದುದ್ದ ನೀರು ಬಂದಿತ್ತು. ಬಿಸಿಲು ಏರುವ ಮೊದಲೇ ಕಪಿಲೆಯ ದಿಬ್ಬದ ಮೇಲೆ ಒಂದು ಜೋಡಿ ಸಿದ್ಧವಾಗಿ ನಿಂತಿತ್ತು. ನೊಗದ ಎಡಕ್ಕೆ ಅಳಗರ್, ಬಲಕ್ಕೆ ಕಾಳಿಮುತ್ತು, ಇಬ್ಬರ ಹೆಗಲಿಗೂ ಮಡಚಿದ ಗೋಣಿ.

"ನಾನು ಯಾಕಮ್ಮ?" ಎಂದ ಕಾಳಿಮುತ್ತು. "ಎಂಜಿನ್ ತಂದಿದ್ದು ಅವನು."

"ಒಂಟಿ ಎತ್ತಲ್ಲಿ ಕಪಿಲೆ ಹೊಡೆಯೋಕಾಗ್ತದಾ ಅಣ್ಣ? ಟೀ ಅಂಗಡೀಲಿ ಎಪ್ಪತ್ತೈದು ಜೋಡಿ ಅಂತ ಮೊದ್ಲು ಎಣಿಸಿದ್ದು ನೀನೇ ಅಂತೆ. ಎಪ್ಪತ್ತಾರನೇದು ನಿಂತ್ಕೋ."

ಗಂಡಸರ ತ್ರಾಣ ನೋಡಿ ಚೀಲ ಅರ್ಧವೇ ತುಂಬುವಂತೆ ಅವಳು ಹಗ್ಗ ಕಟ್ಟಿದ್ದಳು. ತನ್ನ ಭಾರವೂ ಎಳೆತಕ್ಕೆ ಸೇರಲೆಂದು ಹಗ್ಗದ ಮೇಲೆ ಕೂತು "ಹೈ!" ಎಂದಳು. ಜೋಡಿ ಇಳಿಯಿತು. ಚೀಲ ಮೇಲೆ ಬಂದು ತೊಟ್ಟಿಗೆ ಸುರಿಯಿತು. ಜೋಡಿ ಹಿಂದೆ ಹಿಂದೆ ದಿಬ್ಬ ಹತ್ತಿತು. ರಾತ್ರಿಯೇ ಮಣ್ಣು ಮೆತ್ತಿ ಸರಿಮಾಡಿದ್ದ ಕಾಲುವೆಯಲ್ಲಿ ನೀರು ತನ್ನ ಹಳೆಯ ನಡಿಗೆಯಲ್ಲಿ, ಒಂದು ಸಾಲನ್ನೂ ಬಿಡದೆ, ಒಂದು ಅಂಚನ್ನೂ ಕೆಡವದೆ ತೋಟದೊಳಕ್ಕೆ ಹೋಯಿತು. ಕಪಿಲೆ ಹೊಡೆಯುವವರ ರೂಢಿಯಂತೆ ಅವಳು ಚೀಲದ ಎಣಿಕೆಯನ್ನು ರಾಗವಾಗಿ ಹಾಡಿಕೊಂಡಳು.

ಹದಿನೈದನೆಯ ಚೀಲದ ಹೊತ್ತಿಗೆ ಕಾಳಿಮುತ್ತುವಿನ ಪಂಚೆ ಬೆವರಿನಲ್ಲಿ ತೊಯ್ದಿತ್ತು. ಇಪ್ಪತ್ತರ ಹೊತ್ತಿಗೆ ಅಳಗರ್ ಲೆಕ್ಕ ಶುರುಮಾಡಿದ. ಎಲ್ಲೋ ಓದಿದ್ದ ಪ್ರಕಾರ ಒಬ್ಬ ಮನುಷ್ಯನೆಂದರೆ ಕುದುರೆಯ ಹತ್ತನೆಯ ಒಂದು ಪಾಲು. ಇಬ್ಬರೂ ಸೇರಿದರೆ ಕುದುರೆಯ ಐದನೆಯ ಒಂದು ಪಾಲು. ಒಂದು ಕಾಲೂ ಪೂರ್ತಿ ಬರುವುದಿಲ್ಲ. ಆದರೂ ತೋಟದ ಅರ್ಧಕ್ಕೆ ನೀರು ಹೋಗಿತ್ತು! ಈ ಆಶ್ಚರ್ಯವನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಉಸಿರಿರಲಿಲ್ಲ. ಮೂವತ್ತನೆಯ ಚೀಲ ಸುರಿದಾಗ ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ವೆಳ್ಳೈ… ಇನ್ನೂ ಎಷ್ಟು ಚೀಲ?"

ಹಾಡು ನಿಂತಿತು.

"ಹನ್ನೆರಡು ವರ್ಷ ಎಳೆದವೆ ಮಾಮ," ಎಂದಳು ವೆಳ್ಳೈಯಮ್ಮಾಳ್ ಹಗ್ಗ ಸಡಿಲಿಸುತ್ತಾ. "ಮಯಿಲೆ, ಸೆವಲೆ ಒಂದು ದಿನಾನೂ ನನ್ನ ಇಂಗೆ ಕೇಳ್ಲಿಲ್ಲ."

ಅಳಗರ್ ಬಾಯಿ ಮುಚ್ಚಿಕೊಂಡು, ಹೇಳಿಸಿಕೊಳ್ಳದೆಯೇ, ಹಿಂದೆ ಹಿಂದೆ ದಿಬ್ಬ ಹತ್ತಿದ.